ಲೋಹದ ಚೂರಿನ ಕುಲಗೋತ್ರ

ಅಕ್ಕಸಾಲಿಯ ಅಂಗಡಿಯಲ್ಲಿ ಕಸವೆಂಬುದಿಲ್ಲ. ಅರದ ಹಲ್ಲುಗಳ ನಡುವೆ ನಿಂತ ಪುಡಿ, ಮೂಸೆಯ ಅಂಚಿಗೆ ಹತ್ತಿದ ಹನಿ, ಅಗ್ಗಿಷ್ಟಿಕೆಯ ಬೂದಿ, ಕಡೆಗೆ ಅವನು ದಿನವೆಲ್ಲ ಕುಳಿತೆದ್ದ ಚಾಪೆಯನ್ನು ಕೊಡವಿದಾಗ ಉದುರಿದ ಧೂಳು, ಇವೆಲ್ಲವೂ ಒಂದು ಗಡಿಗೆಯಲ್ಲಿ ಕೂಡುತ್ತ ಹೋಗುತ್ತವೆ. ಆ ಧೂಳನ್ನು ಹಣ ತೆತ್ತು ಕೊಂಡು, ನೀರಿರುವೆಡೆಗೆ ಒಯ್ದು, ಮರದ ಮರಿಗೆಯಲ್ಲಿ ತೊಳೆದು ಜಾಲಿಸಿ, ತಳದಲ್ಲಿ ನಿಂತ ಕಣಗಳನ್ನು ಕರಗಿಸಿ, ಅದರಿಂದಲೇ ಸಂಸಾರವನ್ನು ಸಾಗಿಸುತ್ತಿದ್ದ ಜನ ಹಿಂದೆ ನಮ್ಮ ನಾಡಿನಲ್ಲಿದ್ದರು. ಧಾರವಾಡದ ಸೀಮೆಯಲ್ಲಿ ಅವರಿಗೆ ಜಲಗಾರರೆಂದು ಹೆಸರು. ಚಿನ್ನಕ್ಕೆ ಬೆಲೆಯುಂಟಾದಕಾರಣ ಅದನ್ನು ಧೂಳಿನಿಂದ ಬಿಡಿಸುವ ಶ್ರಮಕ್ಕೂ ಕೂಲಿ ಗಿಟ್ಟುತ್ತಿತ್ತು. ಕಬ್ಬಿಣಕ್ಕೂ ಅಲ್ಯೂಮಿನಿಯಮಿಗೂ ಆ ಭಾಗ್ಯವಿಲ್ಲ. ಅವು ಒಮ್ಮೆ ಬೆರೆತರೆ ಬಿಡಿಸಲು ಜಲಗಾರನಿಲ್ಲ. ಇದ್ದರೂ ಅವನಿಗೆ ಕೂಲಿ ಹುಟ್ಟುವುದಿಲ್ಲ. ಆದುದರಿಂದ ಅವು ಹುಟ್ಟಿದ ಸ್ಥಳದಲ್ಲಿಯೇ, ಹುಟ್ಟಿದ ಗಳಿಗೆಯಲ್ಲಿಯೇ, ಒಂದರೊಡನೊಂದು ಸೇರದಂತೆ ಕಾಯ್ದುಕೊಳ್ಳುವುದೊಂದೇ ದಾರಿ. ಕಾರ್ಖಾನೆಗಳ ಲೋಹದ ಗುಜರಿಯ ವಿಷಯದಲ್ಲಿ ತಿಳಿಯತಕ್ಕದ್ದು ಬಹಳವುಂಟಾದರೂ ಅದರ ಬೇರು ಇಷ್ಟರಲ್ಲಿಯೇ ಇದೆಯೆಂದು ನನ್ನ ಭಾವನೆ.

ಈ ಚೂರು ಹುಟ್ಟುವುದನ್ನು ನೋಡಬೇಕೆನ್ನುವವರು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪೀಣ್ಯದ ಒಳಬೀದಿಗಳಿಗೆ ಹೋಗಬೇಕು. 1940ರಲ್ಲಿ ವಿಮಾನದ ಕಾರ್ಖಾನೆಯೂ 1953ರಲ್ಲಿ ಜಾಲಹಳ್ಳಿಯ ಎಚ್.ಎಂ.ಟಿ.ಯೂ ಈ ಊರಿಗೆ ಬಂದ ಮೇಲೆ, ಅಲ್ಲಿ ಕೈ ಪಳಗಿಸಿಕೊಂಡ ಎಷ್ಟೋ ಮಂದಿ ಒಂದೋ ಎರಡೋ ಲೇತುಗಳನ್ನು ಇಟ್ಟುಕೊಂಡು ಸ್ವಂತ ಕಸುಬಿಗೆ ಇಳಿದರು. ಹಾಗೆ ಬೆಳೆದ ಸಣ್ಣ ಸಣ್ಣ ಯಂತ್ರಶಾಲೆಗಳ ದೊಡ್ಡ ಸಂಸಾರವೇ ಪೀಣ್ಯ. ಷಟರ್ ಎತ್ತಿದ ಯಾವ ಬಾಗಿಲಲ್ಲಿ ಇಣುಕಿದರೂ ಒಂದು ಸರಳು ಗಿರ್ರನೆ ತಿರುಗುತ್ತಿರುತ್ತದೆ, ಒಂದು ಉಳಿ ಅದಕ್ಕೆ ಒತ್ತಿಕೊಂಡಿರುತ್ತದೆ, ಉಳಿಯ ಬಾಯಿಂದ ಲೋಹ ಸಿಪ್ಪೆಯಾಗಿ ಎದ್ದು ಬರುತ್ತಿರುತ್ತದೆ, ಅದರ ಮೇಲೆ ಕಾವನ್ನು ತಣಿಸುವ, ಹಾಲಿನಂತೆ ಬೆಳ್ಳಗಿರುವ ಕೂಲೆಂಟ್ ಸುರಿಯುತ್ತಿರುತ್ತದೆ.

ಆ ಸಿಪ್ಪೆಯನ್ನು ಸ್ವಲ್ಪ ನಿಂತು ನೋಡಿದರೆ ಲೋಹಕ್ಕೆ ಎಂತಹ ಸ್ವಭಾವಭೇದವಿದೆಯೆಂಬುದು ತಿಳಿಯುತ್ತದೆ. ಮೆದು ಉಕ್ಕಿನ ಸಿಪ್ಪೆ ಕುಂಬಳಬಳ್ಳಿಯ ಕುಡಿಯಂತೆ ಸುತ್ತಿ ಸುತ್ತಿ ಉದ್ದಕ್ಕೆ ಬರುತ್ತದೆ. ಕೂಲೆಂಟ್ ಇಲ್ಲದೆ ಕೊರೆದಾಗ ಸುಮಾರು 300 ಡಿಗ್ರಿಯ ಕಾವಿಗೆ ಏರಿದ ಅದರ ಮೈಮೇಲೆ ತೆಳ್ಳನೆಯ ಆಕ್ಸೈಡಿನ ಪೊರೆ ಕಟ್ಟಿ, ಅದು ನವಿಲಿನ ಕೊರಳಿನ ನೀಲಿಯನ್ನು ತಳೆಯುವುದುಂಟು. ಕೊರೆತದ ಕಾವಿನಲ್ಲಿ ಹೆಚ್ಚಿನ ಪಾಲನ್ನು ತಾನೇ ಹೊತ್ತುಕೊಂಡು ಹೊರಡುವುದು ಈ ಸಿಪ್ಪೆಯ ಉಪಕಾರ. ಎರಕದ ಕಬ್ಬಿಣ ಸುರುಳಿಯಾಗುವುದೇ ಇಲ್ಲ, ರಾಗಿಹಿಟ್ಟಿನಂತೆ ಉದುರುತ್ತದೆ. ಅದರೊಳಗಿನ ಗ್ರಾಫೈಟು ಮುಟ್ಟಿದವರ ಕೈಯನ್ನು ಕಾಡಿಗೆಯಾಗಿಸುತ್ತದೆ. ಹಿತ್ತಾಳೆ ಹೊನ್ನಿನ ಸೂಜಿಗಳಾಗಿ ಸಿಡಿದು ಅಂಗಿಯ ತೋಳಿನೊಳಗೆ ಸೇರಿ ಮನೆಯವರೆಗೂ ಬರುತ್ತದೆ. ಅಲ್ಯೂಮಿನಿಯಮು ಉಳಿಯ ಮೊನೆಗೇ ಅಂಟಿಕೊಳ್ಳುವ ಜಿಗುಟು ಜಾತಿ. ಉಕ್ಕಿನ ಸುರುಳಿಯ ಅಂಚಾದರೋ ಕ್ಷೌರದ ಕತ್ತಿಗಿಂತ ಹರಿತ; ತಿರುಗುವ ಲೇತಿನ ಬಳಿ ಕೈಗವಸು ಹಾಕಿಕೊಂಡು ಅದಕ್ಕೆ ಕೈಯಿಕ್ಕಿದರೆ ಗವಸಿನೊಡನೆ ಕೈಯನ್ನೂ ಎಳೆದುಕೊಳ್ಳುತ್ತದೆಯಾಗಿ, ಅನುಭವಸ್ಥರು ಉದ್ದನೆಯ ಕೊಕ್ಕೆಯೊಂದನ್ನು ಇಟ್ಟುಕೊಂಡಿರುತ್ತಾರೆ.

ಹೀಗೆ ಸಿಪ್ಪೆಯಾಗುವ ಲೋಹ ಎಷ್ಟೆಂಬುದನ್ನು ಕೇಳಿದರೆ ಹೊರಗಿನವರು ನಂಬಲಾರರು. ಐವತ್ತು ಮಿಲಿಮೀಟರ್ ವ್ಯಾಸದ ಒಂದು ಸರಳನ್ನು ತೆಗೆದುಕೊಳ್ಳಿ. ಅದರ ನಡುವೆ ಮೂವತ್ತರ ರಂಧ್ರವನ್ನು ಕೊರೆದು, ಹೊರಮೈಯನ್ನು ನಲವತ್ತೈದಕ್ಕೆ ಇಳಿಸಿ ಒಂದು ಬುಷ್ ಮಾಡಿದರೆ, ಲೆಕ್ಕ ಹಾಕಿ ನೋಡಿ, ನೂರರಲ್ಲಿ ನಲವತ್ತೈದು ಪಾಲು ಮಾತ್ರ ವಸ್ತುವಾಗಿ ಉಳಿದು ಐವತ್ತೈದು ಪಾಲು ಡ್ರಮ್ಮು ಸೇರಿರುತ್ತದೆ. ಇದು ಅಪವ್ಯಯವಲ್ಲ, ಕಸುಬಿನ ಧರ್ಮ. ವಿಮಾನದ ಕೆಲವು ಭಾಗಗಳನ್ನು ಗಟ್ಟಿ ತುಂಡಿನಿಂದ ಕಡೆದು ತೆಗೆಯುವಾಗ ಹತ್ತರಲ್ಲಿ ಒಂಬತ್ತು ಪಾಲು ಚೂರಾಗಿ ಹೋಗುವುದೂ ಉಂಟು. ಶಿಲ್ಪಿಯ ಅಂಗಳದಲ್ಲಿ ವಿಗ್ರಹಕ್ಕಿಂತ ಚಕ್ಕೆಯೇ ಹೆಚ್ಚಾಗಿರುವುದಿಲ್ಲವೆ?

ಪ್ರೆಸ್ಸಿನ ಅಂಗಡಿಯ ಕಥೆ ಬೇರೆ. ಅಲ್ಲಿ ತಗಡಿನಿಂದ ಬಿಲ್ಲೆಗಳನ್ನು ಒತ್ತಿ ತೆಗೆಯುತ್ತಾರೆ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಪೂರಿ ಮಾಡುವಾಗ ದೊಡ್ಡದಾಗಿ ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬದ ಮುಚ್ಚಳವನ್ನು ಒತ್ತಿ ದುಂಡಗೆ ತೆಗೆದಾಗ ನಡುನಡುವೆ ಮೂಲೆಮೂಲೆಯ ತುಂಡುಗಳು ಉಳಿಯುತ್ತವಷ್ಟೆ. ತಗಡಿನದೂ ಅದೇ ಪಾಡು. ಬಿಲ್ಲೆಗಳನ್ನು ಅಡ್ಡಸಾಲು ಉದ್ದಸಾಲುಗಳಲ್ಲಿ ನೆಟ್ಟಗೆ ಒತ್ತಿದರೆ, ನಡುವೆ ಅಂತರವನ್ನೇ ಬಿಡದಿದ್ದರೂ, ತಗಡಿನ ನೂರರಲ್ಲಿ 78.5 ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆ. ಜೇನುಹುಟ್ಟಿನ ಕಣಗಳಂತೆ ಒಂದು ಸಾಲನ್ನು ಅರ್ಧ ಬಿಲ್ಲೆಯಷ್ಟು ಸರಿಸಿ ಒತ್ತಿದರೆ 90.7ರವರೆಗೂ ಹೋಗಬಹುದು. ಗುಜರಿಯ ನಿರ್ವಹಣೆಯೆಂದರೆ ಹುಟ್ಟಿದ ಗುಜರಿಯನ್ನು ಮಾರುವುದೆಂದೇ ತಿಳಿದಿರುವವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಆದರೆ ಅಡಿಗೆಮನೆಯಲ್ಲಿ ಉಳಿದ ತುಂಡುಗಳನ್ನು ಮತ್ತೆ ನಾದಿ ಲಟ್ಟಿಸಿದರೆ ಮುಗಿಯಿತು. ಲೋಹವನ್ನು ಮತ್ತೆ ನಾದಬೇಕಾದರೆ ಕುಲುಮೆಯವರೆಗೆ ಹೋಗಬೇಕು.

ಕುಲುಮೆಯ ದೃಷ್ಟಿಯಿಂದ ಗುಜರಿಯಲ್ಲಿ ಮೂರು ವರ್ಗ. ಎರಕದ ಮನೆಯಲ್ಲೇ ಹುಟ್ಟಿ, ಅಲ್ಲಿಯೇ ಮರುದಿನದ ಕರಗಿಗೆ ಹೋಗುವ ರನ್ನರ್, ರೈಸರ್‌ಗಳು, ಎಂದರೆ ಅಚ್ಚಿಗೆ ಲೋಹ ಹರಿಯುವ ದಾರಿಗಳಲ್ಲಿ ಹೆಪ್ಪುಗಟ್ಟಿ ಉಳಿದ ತುಂಡುಗಳು, ಮನೆಮಗುವಿದ್ದಂತೆ, ಅವುಗಳ ಜಾತಕವನ್ನು ಯಾರೂ ಕೇಳಬೇಕಾಗಿಲ್ಲ. ಯಂತ್ರಶಾಲೆಯಿಂದಲೂ ಪ್ರೆಸ್ಸಿನಿಂದಲೂ ಬರುವ ಹೊಸ ತುಣುಕು ಎರಡನೆಯದು. ಯಾವ ಸರಳಿನಿಂದ ಬಂದಿತೋ ಆ ಸರಳಿನ ರಾಸಾಯನಿಕ ಪತ್ರವೇ ಇದಕ್ಕೂ ಸಲ್ಲುತ್ತದೆ, ಆ ಪತ್ರದ ನೆನಪನ್ನು ಡ್ರಮ್ಮಿನವರೆಗೆ ಉಳಿಸಿಕೊಂಡಿದ್ದರೆ. ಮೂರನೆಯದು ಬಾಳಿ ಮುಗಿಸಿದ ವಸ್ತುಗಳ ಜೀರ್ಣಲೋಹ: ಒಡೆದ ಬಸ್ಸು, ಮುರಿದ ಮಂಚ, ಹಳೆಯ ಹಡಗು. ಅದರ ಪೂರ್ವೋತ್ತರವನ್ನು ಬಲ್ಲವರಾರು? ಎರಡನೆಯ ವರ್ಗದ್ದು ಅಜಾಗರೂಕತೆಯಿಂದ ಮೂರನೆಯ ವರ್ಗಕ್ಕೆ ಇಳಿದುಬಿಡುವುದೇ ನಮ್ಮ ಕಾರ್ಖಾನೆಗಳಲ್ಲಿ ನಿತ್ಯ ನಡೆಯುವ ನಷ್ಟ. ಯಾವ ಖಾತೆಯಲ್ಲಿಯೂ ಬರೆಯಲ್ಪಡದ ಕಾರಣ ಅದು ಯಾರಿಗೂ ನೋಯುವುದಿಲ್ಲ.

ನನ್ನ ಬಂಧುಗಳೊಬ್ಬರಿಗೆ ಮಾತ್ರ ಒಮ್ಮೆ ನೋಯಿತು. ಅವರದು ಆರು ಯಂತ್ರಗಳ ಅಂಗಡಿ. ಹಿತ್ತಾಳೆಗೆ ಹಳದಿ ಬಣ್ಣದ ಡ್ರಮ್ಮು, ಅಲ್ಯೂಮಿನಿಯಮಿಗೆ ಬಿಳಿಯದು, ಎರಕದ ಪುಡಿಗೆ ಕರಿಯದು, ಉಕ್ಕಿಗೆ ಕೆಂಪು ಎಂದು ವರ್ಷವೆಲ್ಲ ಅಚ್ಚುಕಟ್ಟು. ಆಯುಧಪೂಜೆಯ ಹಿಂದಿನ ಸಂಜೆ ಹುಡುಗರು ಉತ್ಸಾಹದಿಂದ ಅಂಗಡಿಯನ್ನು ತೊಳೆದು, ಯಂತ್ರಗಳ ಅಡಿಯಿಂದಲೂ ಮೂಲೆಗಳಿಂದಲೂ ಗುಡಿಸಿದುದನ್ನೆಲ್ಲ, ಎದುರಿಗೆ ಅರೆತುಂಬಿ ನಿಂತಿದ್ದ ಹಳದಿ ಡ್ರಮ್ಮಿಗೆ ಸುರಿದು, ಅದಕ್ಕೂ ಕುಂಕುಮವಿಟ್ಟು ಬೂದುಗುಂಬಳಕಾಯಿ ಒಡೆದು ಮನೆಗೆ ಹೋದರು. ಹಬ್ಬ ಕಳೆದ ಮೇಲೆ ಗುಜರಿಯ ವ್ಯಾಪಾರಿ ಬಂದನು. ಜೇಬಿನಿಂದ ದಾರ ಕಟ್ಟಿದ ಅಯಸ್ಕಾಂತವನ್ನು ತೆಗೆದು ಡ್ರಮ್ಮಿನೊಳಕ್ಕೆ ಬಿಟ್ಟು ಎಳೆದನು. ಅದರ ಮೈಗೆ ಮುಳ್ಳುಹಂದಿಯಂತೆ ಉಕ್ಕಿನ ಚೂರು ಕವಿದಿತ್ತು. ಒಂದು ಹಿಡಿ ಹಿತ್ತಾಳೆಯನ್ನು ಬೊಗಸೆಯಲ್ಲಿ ಹರಡಿ ಬೆಳಕಿಗೆ ಹಿಡಿದು, ನಡುನಡುವೆ ಮಿನುಗುತ್ತಿದ್ದ ಬಿಳಿಯ ಚೂರುಗಳನ್ನು ತೋರಿಸಿ, “ಸಾರ್, ಇದು ಹಿತ್ತಾಳೆ ಅಲ್ಲ, ಚಿತ್ರಾನ್ನ,” ಎಂದನು. ನಮ್ಮವರು, “ಹಬ್ಬದ ಗಲಾಟೇಲಿ ಆಗೋಯ್ತಪ್ಪ, ಮೇಲ್ಮೇಲೆ ಅಷ್ಟೇ, ಕೆಳಗೆಲ್ಲ ಚೊಕ್ಕ,” ಎಂದರೆ, ಅವನು ನಕ್ಕು, “ಕೆಳಗೆ ಏನಿದೆ ಅಂತ ನಾನು ನಂಬಬಹುದು, ಒಲೆ ನಂಬಲ್ಲ ಸಾರ್,” ಎಂದನು. ಹಿತ್ತಾಳೆಯ ದರಕ್ಕೂ ಮಿಶ್ರ ಗುಜರಿಯ ದರಕ್ಕೂ ಇರುವ ಅಂತರ ಆ ವರ್ಷದ ಹಬ್ಬದ ಬೋನಸ್ಸಿನ ಮೇಲೆ ಇನ್ನೊಂದು ಬೋನಸ್ಸಿನಷ್ಟಾಯಿತು.

ಒಲೆ ನಂಬುವುದಿಲ್ಲವೆಂಬ ಆ ಮಾತಿನಲ್ಲಿ ದೊಡ್ಡ ರಸಾಯನಶಾಸ್ತ್ರವೇ ಅಡಗಿದೆ. ಉಕ್ಕನ್ನು ಕರಗಿಸುವಾಗ ಆಮ್ಲಜನಕದ ಸಹಾಯದಿಂದ ಬೇಡವಾದುದನ್ನು ಸುಟ್ಟು ಕಿಟ್ಟವಾಗಿ ತೇಲಿಸಿ ತೆಗೆಯಬಹುದು. ಸಿಲಿಕಾನ್, ಮ್ಯಾಂಗನೀಸ್, ಅಲ್ಯೂಮಿನಿಯಮ್ ಮೊದಲಾದವು ಕಬ್ಬಿಣಕ್ಕಿಂತ ಮುಂಚೆ ಸುಡುವ ಸ್ವಭಾವದವಾದಕಾರಣ ಹೊರಟುಹೋಗುತ್ತವೆ. ತಾಮ್ರವೂ ತವರವೂ ಹಾಗಲ್ಲ. ಅವು ಸುಡುವ ಮೊದಲು ಕಬ್ಬಿಣವೇ ಸುಟ್ಟುಹೋಗುತ್ತದೆಯಾಗಿ, ಒಮ್ಮೆ ಒಳಹೊಕ್ಕ ತಾಮ್ರ ಉಕ್ಕಿನಲ್ಲಿ ಜನ್ಮಾಂತರಗಳವರೆಗೆ ಉಳಿಯುತ್ತದೆ. ಆ ಉಕ್ಕನ್ನು ಮುಂದೆ ಸಾವಿರದ ನೂರು, ಸಾವಿರದ ಇನ್ನೂರು ಡಿಗ್ರಿಗೆ ಕಾಯಿಸಿ ಉರುಳೆಯಲ್ಲಿ ಒತ್ತುವಾಗ ಮೇಲ್ಮೈಯ ಕಬ್ಬಿಣ ಆಕ್ಸೈಡಾಗಿ ಕಳಚಿಕೊಳ್ಳುತ್ತದೆ. ಹಿಂದುಳಿದ ತಾಮ್ರ 1085 ಡಿಗ್ರಿಗೇ ಕರಗತಕ್ಕದ್ದಾದ್ದರಿಂದ ದ್ರವವಾಗಿ ಹರಳು ಹರಳಿನ ನಡುವಣ ಸಂದುಗಳಿಗೆ ಇಳಿಯುತ್ತದೆ. ಸರಳಿನ ಮೈ ಬೇಸಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಅಲ್ಯೂಮಿನಿಯಮಿನಲ್ಲಿ ಈ ಪಾತ್ರ ಕಬ್ಬಿಣದ್ದು. ಬೆರೆತ ಕಬ್ಬಿಣವನ್ನು ಸಾಮಾನ್ಯ ಕುಲುಮೆಯಲ್ಲಿ ಹೊರತೆಗೆಯುವ ಉಪಾಯವಿಲ್ಲ. ಅದು ಸೂಜಿಯಾಕಾರದ ಹರಳುಗಳಾಗಿ ನಿಂತು ಎರಕವನ್ನು ಪೆಡಸು ಮಾಡುತ್ತದೆ. ವಿಮಾನದ ರೆಕ್ಕೆಗೆ ಯೋಗ್ಯವಾಗಿದ್ದ ಮಿಶ್ರಲೋಹದ ಚೂರು ಹೀಗೆ ಕೆಟ್ಟು, ಗುಣನಿಯಮ ಸಡಿಲವಾಗಿರುವ ಸಾಧಾರಣ ಎರಕಕ್ಕೆ ಇಳಿಯುತ್ತದೆ. ಅಲ್ಲಿಂದ ಮತ್ತೆ ಮೇಲೇರುವುದು ಬಲು ಕಷ್ಟ.

ಬೆರೆಯದೆ ಬಂದರೆ ಎಷ್ಟು ಲಾಭವೆಂಬುದನ್ನೂ ಹೇಳಬೇಕು. ಅದಿರಿನಿಂದ ಅಲ್ಯೂಮಿನಿಯಮನ್ನು ತೆಗೆಯುವುದಕ್ಕೆ ತಗಲುವ ಶಕ್ತಿಯ ಸುಮಾರು ನೂರಕ್ಕೆ ಐದು ಪಾಲಿನಲ್ಲಿ ಗುಜರಿಯಿಂದ ಅದೇ ಅಲ್ಯೂಮಿನಿಯಮನ್ನು ಪಡೆಯಬಹುದು. ಅದಿರಿನಲ್ಲಿ ಅದು ಆಮ್ಲಜನಕವನ್ನು ಬಿಗಿದಪ್ಪಿರುತ್ತದೆ, ಗುಜರಿಯಲ್ಲಿ ಅಪ್ಪುಗೆ ಈಗಾಗಲೇ ಬಿಡಿಸಿದ್ದಾಗಿದೆ, 660 ಡಿಗ್ರಿಗೆ ಕರಗಿಸಿದರೆ ಸಾಕು. ಉಕ್ಕಿನ ವಿಷಯದಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಚಿವಾಲಯವು 2019ರಲ್ಲಿ ಹೊರಡಿಸಿದ ಗುಜರಿ ನೀತಿಯ ಲೆಕ್ಕದಂತೆ ಒಂದು ಟನ್ ಗುಜರಿಯ ಬಳಕೆಯಿಂದ 1.1 ಟನ್ ಕಬ್ಬಿಣದ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು, 55 ಕಿಲೋ ಸುಣ್ಣಕಲ್ಲು ಉಳಿಯುತ್ತವೆ. ಬೇರೆ ನಾಡಿನವರಿಗೆ ಇದು ಬರಿಯ ಅಂಕಿ. ಬಳ್ಳಾರಿಯ ಸೀಮೆಯಲ್ಲಿ ಜೋಳದ ಎಲೆಗಳ ಮೇಲೂ ದೇವಾಲಯದ ಮೆಟ್ಟಿಲುಗಳ ಮೇಲೂ ಕೂತ ಕೆಂಪು ಧೂಳನ್ನು ಕಂಡವರಿಗೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅಲ್ಲಿಯ ಗಣಿಗಳನ್ನು ನಿಲ್ಲಿಸಬೇಕಾಗಿ ಬಂದುದನ್ನು ಬಲ್ಲವರಿಗೆ, 2005ರ ಕೊನೆಗೆ ಕುದುರೆಮುಖದಲ್ಲಿ ಗಣಿಯ ಸದ್ದು ಅಡಗಿದ ಮೇಲೆ ಮಳೆಕಾಡಿನ ನಡುವೆ ಉಳಿದ ಬೋಳುಗುಡ್ಡವನ್ನು ನೋಡಿದವರಿಗೆ, ಆ 1.1 ಟನ್ನಿನ ಹಿಂದೆ ಒಂದು ಬೆಟ್ಟದ ರೂಪ ಕಾಣುತ್ತದೆ. ಬೆಟ್ಟದ ಜೊತೆಗೆ ಕಾಡೂ ಕಾಣುತ್ತದೆ: 1923ರಲ್ಲಿ ಭದ್ರಾವತಿಯ ಕುಲುಮೆ ಮೊದಲು ಕಬ್ಬಿಣವನ್ನು ಸುರಿಸಿದಾಗ ಅದಕ್ಕೆ ಉರುವಲು ಕಲ್ಲಿದ್ದಲಲ್ಲ, ಮಲೆನಾಡಿನ ಮರದಿಂದ ಸುಟ್ಟ ಇದ್ದಲು.

ಇಷ್ಟು ಬೆಲೆಯುಳ್ಳ ಚೂರನ್ನು ಗುರುತಿಸುವ ವಿದ್ಯೆ ಗುಜರಿಯವರ ಬೆರಳಿನಲ್ಲಿಯೂ ಕಿವಿಯಲ್ಲಿಯೂ ಇದೆ. ಅಯಸ್ಕಾಂತ ಮೊದಲನೆಯ ಪರೀಕ್ಷೆ, ಆದರೆ ಮೋಸಗೊಳಿಸುವ ಪರೀಕ್ಷೆ. ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಮ್, ಎಂಟು ಪಾಲು ನಿಕ್ಕಲ್ ಇರುವ 304 ಎಂಬ ಸ್ಟೀಲು ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಿಕ್ಕಲನ್ನು ತಗ್ಗಿಸಿ ಮ್ಯಾಂಗನೀಸ್ ತುಂಬಿದ ಅಗ್ಗದ 200ರ ಸಾಲಿನದೂ ಅಂಟುವುದಿಲ್ಲ. ಅದೇ 304ನ್ನು ಕಾಯಿಸದೆ ಬಗ್ಗಿಸಿ ಬಡಿದಿದ್ದರೆ ಅಲ್ಪಸ್ವಲ್ಪ ಅಂಟಿಬಿಡುತ್ತದೆ. ಆಗ ಸಾಣೆಗೆ ಹಿಡಿದು ಕಿಡಿ ನೋಡುತ್ತಾರೆ. ಮೆದು ಉಕ್ಕಿನ ಕಿಡಿ ಹಳದಿಯಾಗಿ ಉದ್ದಕ್ಕೆ ಹಾರುತ್ತದೆ, ಇಂಗಾಲ ಹೆಚ್ಚಿದ್ದರೆ ತುದಿಯಲ್ಲಿ ಸುರುಸುರುಬತ್ತಿಯಂತೆ ಕವಲೊಡೆಯುತ್ತದೆ, ಎರಕದ ಕಬ್ಬಿಣದ್ದು ಕೆಂಪಾಗಿ ಮಂಕಾಗಿ ಹತ್ತಿರದಲ್ಲೇ ಆರುತ್ತದೆ, ಅಲ್ಯೂಮಿನಿಯಮು ಹಿತ್ತಾಳೆಗಳು ಕಿಡಿಯನ್ನೇ ಕೊಡುವುದಿಲ್ಲ. ಈಗ ದೊಡ್ಡ ವ್ಯಾಪಾರಿಗಳ ಕೈಯಲ್ಲಿ ಪಿಸ್ತೂಲಿನ ಆಕಾರದ ಕ್ಷ-ಕಿರಣದ ಉಪಕರಣವಿದೆ. ಲೋಹದ ಮೈಗೆ ತಾಗಿಸಿ ಕುದುರೆ ಎಳೆದರೆ ಕೆಲವು ಕ್ಷಣಗಳಲ್ಲಿ ಅದರೊಳಗಿನ ಧಾತುಗಳ ಪಟ್ಟಿಯೇ ಪರದೆಯ ಮೇಲೆ ಮೂಡುತ್ತದೆ. ಆದರೆ ಅದೂ ಡ್ರಮ್ಮಿನ ಮೇಲಿನ ಚೂರನ್ನು ಹೇಳೀತಲ್ಲದೆ ತಳದ ಚೂರನ್ನು ಹೇಳಲಾರದು.

ಚೂರಿನ ಎರಡನೆಯ ಪೀಡೆ ಎಣ್ಣೆ. ಕೊರೆಯುವಾಗ ಸುರಿಯುವ ಕೂಲೆಂಟ್ ನೀರಿನಲ್ಲಿ ಕದಡಿದ ಎಣ್ಣೆ. ಸುರುಳಿಯ ಸಂದುಗೊಂದುಗಳಲ್ಲಿ ನಿಂತು ಚೂರಿನೊಡನೆ ಹೊರಟುಹೋಗುತ್ತದೆ. ಭಾನುವಾರ ಯಂತ್ರ ನಿಂತು, ತೊಟ್ಟಿಯ ಕೂಲೆಂಟಿನ ಮೇಲೆ ಎಣ್ಣೆಯ ಕೆನೆ ಕಟ್ಟಿ, ಗಾಳಿಯಾಡದ ತಳದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಗಂಧಕದ ಅನಿಲವನ್ನು ಬಿಡುತ್ತವೆಯಾಗಿ, ಸೋಮವಾರ ಬೆಳಿಗ್ಗೆ ಷಟರ್ ಎತ್ತಿದವನ ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಡ್ರಮ್ಮಿನ ತಳದಿಂದ ಜಿನುಗಿ ಓಣಿಯ ಚರಂಡಿಯನ್ನು ಸೇರುವುದೂ ಇದೇ ದ್ರವವೇ. ಚರಂಡಿ ಎಲ್ಲಿಗೆ ಸೇರುತ್ತದೆಂಬುದನ್ನು ಬೆಂಗಳೂರಿನ ಕೆರೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಬಳಸಿ ಉಳಿದ ಎಣ್ಣೆಯೂ ಎಣ್ಣೆ ಬೆರೆತ ಕೆಸರೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟವು. ಅವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಪ್ಪಣೆಯುಳ್ಳವರಿಗೇ ಒಪ್ಪಿಸತಕ್ಕದ್ದು. ಚೂರನ್ನು ಜರಡಿತಳದ ತೊಟ್ಟಿಯಲ್ಲಿ ಒಂದು ರಾತ್ರಿ ಬಸಿಯಲು ಬಿಡುವುದು ಬಡವನ ಉಪಾಯ. ಮಜ್ಜಿಗೆಯ ಕಡೆಗೋಲಿಗಿಂತ ಎಷ್ಟೋ ಪಾಲು ರಭಸವಾಗಿ ತಿರುಗುವ ಬುಟ್ಟಿಯಲ್ಲಿ ಚೂರನ್ನು ಹಾಕಿ ಎಣ್ಣೆಯನ್ನು ಚಿಮ್ಮಿಸಿ ತೆಗೆಯುವುದು ಉಳ್ಳವನ ಉಪಾಯ. ಹಾಗೆ ಸಿಕ್ಕಿದ ಎಣ್ಣೆಯನ್ನು ಸೋಸಿ ಮತ್ತೆ ಯಂತ್ರಕ್ಕೇ ಸುರಿಯಬಹುದಾದುದರಿಂದ, ಬಹಳ ಚೂರು ಹುಟ್ಟುವ ಕಾರ್ಖಾನೆಯಲ್ಲಿ ಆ ಯಂತ್ರ ತನ್ನ ಕ್ರಯವನ್ನು ತಾನೇ ತೀರಿಸುತ್ತದೆ.

ಇನ್ನು ಗಾತ್ರದ ಮಾತು. ಗಟ್ಟಿ ಉಕ್ಕಿನ ಒಂದು ಘನಮೀಟರಿನ ತೂಕ 7850 ಕಿಲೋ. ಅದೇ ಉಕ್ಕು ಬಿಡಿ ಸುರುಳಿಯಾಗಿ ತುಂಬಿದ್ದರೆ ಅಷ್ಟೇ ಜಾಗದಲ್ಲಿ ಇನ್ನೂರು ಕಿಲೋವೋ ನಾನೂರು ಕಿಲೋವೋ ನಿಂತೀತು, ಉಳಿದುದೆಲ್ಲ ಗಾಳಿ. ಗಾಳಿಯನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗಕ್ಕೋ ಬೆಳಗಾವಿಗೋ ಸಾಗಿಸಿದರೆ ಬಾಡಿಗೆಗೂ ಗಿಟ್ಟುವುದಿಲ್ಲ. ಕುಲುಮೆಯಲ್ಲಾದರೂ ಬಿಡಿಯ ತೆಳ್ಳನೆ ಚೂರು, ವಿಶೇಷವಾಗಿ ಅಲ್ಯೂಮಿನಿಯಮಿನದು, ಕರಗುವ ಮೊದಲೇ ಮೇಲೆ ತೇಲಿ ಉರಿದು ಬೂದಿಯಾಗುವ ಪಾಲು ಸಣ್ಣದಲ್ಲ. ಆದಕಾರಣ ಚೂರನ್ನು ಅರೆದು, ಒಣಗಿಸಿ, ಭಾರಿ ಒತ್ತಡದಲ್ಲಿ ಬೆಲ್ಲದ ಅಚ್ಚಿನಂತೆ ಗಟ್ಟಿಯುಂಡೆಗಳಾಗಿ ಒತ್ತುವ ಕ್ರಮ ಬಂದಿದೆ. ಎರಕದವರು ಅದನ್ನು ಬ್ರಿಕೆಟ್ ಎನ್ನುತ್ತಾರೆ.

ಒಣಗಿಸಬೇಕೆಂಬುದು ಬರಿಯ ಮಿತವ್ಯಯದ ಮಾತಲ್ಲ, ಪ್ರಾಣದ ಮಾತು. ಕರಗಿ ನಿಂತ ಲೋಹದೊಳಕ್ಕೆ ಒದ್ದೆ ಚೂರು ಮುಳುಗಿದರೆ ಒಳಗಿನ ನೀರು ಕ್ಷಣಾರ್ಧದಲ್ಲಿ ಸಾವಿರ ಪಟ್ಟಿಗೂ ಮೀರಿ ಹಿಗ್ಗಿ ಆವಿಯಾಗಿ, ಕುಲುಮೆಯ ಬಾಯಿಂದ ಲೋಹವನ್ನೇ ಮೇಲಕ್ಕೆ ಉಗುಳುತ್ತದೆ. ಮುಚ್ಚಿದ ಡಬ್ಬ, ಬಾಯಿ ಬೆಸೆದ ಕೊಳವೆ, ಹಳೆಯ ಸಿಲಿಂಡರು, ಇವೂ ಅದೇ ಅನಾಹುತಕ್ಕೆ ಬೀಜ. ಮೆಗ್ನೀಸಿಯಮ್, ಟೈಟಾನಿಯಮುಗಳ ಸಣ್ಣ ಚೂರಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಒಣಮರಳನ್ನು ಸುರಿಯಬೇಕು; ನೀರು ಹಾಕಿದವನು ಬೆಂಕಿಗೆ ಜಲಜನಕದ ನೈವೇದ್ಯವನ್ನು ಕೊಟ್ಟಂತೆ. ಎಣ್ಣೆ ನೀರು ಬೆರೆತ ಕಬ್ಬಿಣದ ಚೂರನ್ನು ರಾಶಿಯಾಗಿ ಒಟ್ಟಿಟ್ಟರೆ ತುಕ್ಕು ಹಿಡಿಯುತ್ತ ಹಿಡಿಯುತ್ತ ಒಣಹುಲ್ಲಿನ ಮೆದೆಯಂತೆ ತಾನೇ ಕಾವೇರುತ್ತದೆ. ಸಮುದ್ರಯಾನದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಅದನ್ನು ಸ್ವಯಂ ಕಾವೇರುವ ಅಪಾಯದ ಸರಕೆಂದೇ, 2793 ಎಂಬ ಸಂಖ್ಯೆಯಡಿ ನಮೂದಿಸಿದ್ದಾರೆ. ಒಂದು ಹಡಗಿನ ಗರ್ಭದಲ್ಲಿ ಈ ಚೂರು ಹೊಗೆಯಾಡತೊಡಗಿದರೆ ನಾವಿಕರ ಪಾಡೇನು?

ಇದಕ್ಕಿಂತ ಭಯಂಕರವಾದುದು ಕಣ್ಣಿಗೆ ಕಾಣದ ಬೆರಕೆ. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ ಕೆಲವರು ಮೈ ಕಪ್ಪಿಟ್ಟು ಕೂದಲುದುರಿ ಆಸ್ಪತ್ರೆ ಸೇರಿದರು. ವಿಚಾರಿಸಿದಾಗ, ಹರಾಜಿನಲ್ಲಿ ಕೊಂಡ ಹಳೆಯ ಪ್ರಯೋಗಶಾಲೆಯ ಉಪಕರಣವೊಂದನ್ನು ಬಿಚ್ಚಿದಾಗ ಅದರೊಳಗಿದ್ದ ಕೋಬಾಲ್ಟ್-60ರ ಸರಳುಗಳು ಅಂಗಡಿ ಅಂಗಡಿಗೆ ಹಂಚಿಹೋಗಿದ್ದವೆಂದು ಗೊತ್ತಾಯಿತು. ಒಬ್ಬನು ಸತ್ತನು. ಅದಕ್ಕೆ ಎರಡು ವರ್ಷ ಮೊದಲು, ನಮ್ಮ ದೇಶದಲ್ಲಿ ಎರಕ ಹೊಯ್ದ ಉಕ್ಕಿನಿಂದ ಮಾಡಿದ ಲಿಫ್ಟಿನ ಗುಂಡಿಗಳಲ್ಲಿ ಅದೇ ಕೋಬಾಲ್ಟಿನ ವಿಕಿರಣ ಫ್ರಾನ್ಸಿನಲ್ಲಿ ಪತ್ತೆಯಾಗಿತ್ತು. ಬಂದರುಗಳ ಬಾಗಿಲುಗಳಲ್ಲಿಯೂ ದೊಡ್ಡ ಉಕ್ಕಿನ ಕಾರ್ಖಾನೆಗಳ ಹೆಬ್ಬಾಗಿಲುಗಳಲ್ಲಿಯೂ ಈಗ ಲಾರಿ ಹಾದುಹೋಗುವಾಗ ವಿಕಿರಣವನ್ನು ಅಳೆಯುವ ಕಂಬಗಳು ನಿಂತಿವೆ.

ಗುಜರಿಯ ವ್ಯಾಪಾರದ ಭಾಷೆಯೇ ಒಂದು ವಿನೋದ. ಅಂತರರಾಷ್ಟ್ರೀಯ ಪೇಟೆಯಲ್ಲಿ ಚೊಕ್ಕ ತಾಮ್ರದ ತಂತಿಗೆ “ಬಾರ್ಲಿ” ಎಂದು ಹೆಸರು, ಹಳದಿ ಹಿತ್ತಾಳೆಯ ಗುಜರಿಗೆ “ಹನಿ” ಎಂದು, ಬೆರಕೆಯ ಅಲ್ಯೂಮಿನಿಯಮ್ ಪ್ರಧಾನ ಚೂರಿಗೆ “ಜೋರ್ಬಾ” ಎಂದು. ಒಂದೊಂದು ಪದಕ್ಕೂ ಕಾಸು ತೆರಬೇಕಾಗಿದ್ದ ತಂತಿವಾರ್ತೆಯ ಕಾಲದ ಮಿತಭಾಷೆಯ ಕುರುಹು ಇವು. ಗುಜರಾತಿನ ಜಾಮನಗರದ ಹಿತ್ತಾಳೆ ಕಾರ್ಖಾನೆಗಳು ಹಡಗುಗಟ್ಟಲೆ ತರಿಸುವುದು ಈ ಹನಿಯನ್ನೇ. ಜೇನಿಗೂ ಅದಕ್ಕೂ ಇರುವ ಸಂಬಂಧ ಬಣ್ಣದ್ದು ಮಾತ್ರ. ಪೀಣ್ಯದ ವ್ಯಾಪಾರಿ ಮೆದು ಉಕ್ಕಿನ ಸುರುಳಿಯನ್ನು ಎಂ.ಎಸ್. ಟರ್ನಿಂಗ್, ಎರಕದ ಕಬ್ಬಿಣದ ಪುಡಿಯನ್ನು ಸಿ.ಐ. ಬೋರಿಂಗ್, ಸರಳಿನ ತುದಿಯ ತುಂಡನ್ನು ಎಂಡ್ ಬಿಟ್, ತಗಡಿನ ತುಂಡನ್ನು ಶೀಟ್ ಕಟಿಂಗ್ ಎಂದು ತನ್ನ ಲೆಕ್ಕವನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ತಾಮ್ರದ ಮಾತು ಬಂದಾಗ ಮಾತ್ರ ಫೋನನ್ನು ತೆಗೆದು, 1877ರಲ್ಲಿ ಹುಟ್ಟಿದ ಲಂಡನ್ನಿನ ಲೋಹ ವಿನಿಮಯ ಕೇಂದ್ರದ ಆ ದಿನದ ದರವನ್ನು ನೋಡುತ್ತಾನೆ. ತೂಕದಲ್ಲಿ ತಕರಾರು ಸನಾತನ: ಮಾರುವವನು ಡ್ರಮ್ಮನ್ನು ಬಸಿಯುವ ಮೊದಲು ತೂಗಬಯಸುತ್ತಾನೆ, ಕೊಳ್ಳುವವನು ಎಣ್ಣೆಗೆಂದೂ ನೀರಿಗೆಂದೂ ಮಣ್ಣಿಗೆಂದೂ ಕಡಿತ ಹಾಕುತ್ತಾನೆ. ಸರ್ಕಾರವೂ ಇಲ್ಲಿ ದೂರ ನಿಂತಿಲ್ಲ. ಬಿಲ್ಲಿಲ್ಲದ ವ್ಯಾಪಾರ ಈ ಪೇಟೆಯ ಹಳೆಯ ಜಾಡ್ಯವಾದಕಾರಣ, 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವನಿಂದ ನೋಂದಾಯಿತನು ಲೋಹದ ಗುಜರಿಯನ್ನು ಕೊಂಡರೆ ಜಿ.ಎಸ್.ಟಿ.ಯನ್ನು ಕೊಂಡವನೇ ಕಟ್ಟತಕ್ಕದ್ದೆಂದು ವಿಧಿಸಲಾಗಿದೆ.

ಎಲ್ಲ ಯಂತ್ರಶಾಲೆಗಳಲ್ಲಿಯೂ ಒಂದು ಚೂರು ಮಾತ್ರ ಎಂದೂ ಬೆರೆಯುವುದಿಲ್ಲ. ಸವೆದ ಇನ್ಸರ್ಟುಗಳೆಂಬ ಉಳಿಯ ತುದಿಗಳು ಟಂಗ್‌ಸ್ಟನ್ ಕಾರ್ಬೈಡಿನವು. ಬೆರಳಿನ ಉಗುರಿನಷ್ಟು ಸಣ್ಣವಾದರೂ ಹಿಡಿಗೆ ಭಾರ, ಬೆಲೆಗೆ ಇನ್ನೂ ಭಾರ. ನಮ್ಮ ಬಂಧುಗಳ ಅಂಗಡಿಯಲ್ಲಿ ಅವು ಹಳೆಯ ಬೋರ್ನ್‌ವಿಟಾ ಡಬ್ಬದಲ್ಲಿ, ಮೇಜಿನ ಖಾನೆಯೊಳಗೆ, ಬೀಗದ ಕಾವಲಿನಲ್ಲಿರುತ್ತವೆ. ಬೀಗದ ಕೈ ಯಜಮಾನರ ಜನಿವಾರಕ್ಕೆ ಕಟ್ಟಿದೆ. ಅಕ್ಕಸಾಲಿಯ ಬುದ್ಧಿ ಮನುಷ್ಯನಿಗೆ ಬಾರದೆ ಇಲ್ಲ. ಬೆಲೆಯನ್ನು ಕಂಡರೆ ಮಾತ್ರ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ಹತ್ತಿರದ ಒಂದು ಎರಕದ ಮನೆಯಲ್ಲಿ ಅರ್ಧ ದಿನ ನಿಂತು ನೋಡಿದೆನು. ಇಂಡಕ್ಷನ್ ಕುಲುಮೆಗೆ ಅಳೆದು ತೂಗಿ ಕಚ್ಚಾಕಬ್ಬಿಣ, ಪ್ರೆಸ್ಸಿನ ತಗಡಿನ ಕಟ್ಟು, ತಮ್ಮದೇ ರೈಸರ್‌ಗಳು, ಬೆಂಗಳೂರಿನಿಂದ ಬಂದ ಬೋರಿಂಗ್ ಬ್ರಿಕೆಟ್‌ಗಳು ಇಳಿದವು. ಎಲ್ಲವೂ ಕರಗಿ ಬಿಳಿಯ ಬೆಳಕಾದ ಮೇಲೆ ಒಬ್ಬನು ಉದ್ದನೆಯ ಸೌಟಿನಲ್ಲಿ ಸ್ವಲ್ಪ ತೆಗೆದು ಸಣ್ಣ ಬಿಲ್ಲೆ ಹೊಯ್ದು ಪರೀಕ್ಷೆಯ ಕೋಣೆಗೆ ಓಡಿದನು. ಬೆಳಕಿನ ರೇಖೆಗಳಿಂದ ಧಾತುಗಳ ಪ್ರಮಾಣವನ್ನು ಓದುವ ಯಂತ್ರ ತೀರ್ಪು ಕೊಡುವವರೆಗೆ ಇಡೀ ಎರಕದ ಮನೆ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮನೆಯಂತೆ ಸುಮ್ಮನಿತ್ತು. ಕಿಟ್ಟವನ್ನು ಬಾಚಿ ಹೊರಗೆ ಎಳೆದು ಹಾಕಿದರು. ಅದನ್ನು ನೋಡಿದಾಗ ನಮ್ಮ ಆಯುರ್ವೇದದವರ ಮಂಡೂರಭಸ್ಮದ ನೆನಪಾಯಿತು. ಕಬ್ಬಿಣದ ಕಿಟ್ಟದಿಂದ, ಅದೂ ನೂರು ವರ್ಷ ಹಳೆಯದಾದರೆ ಉತ್ತಮವೆಂದು, ಪಾಂಡುರೋಗಕ್ಕೆ ಔಷಧ ಮಾಡುತ್ತಿದ್ದ ಆ ವೈದ್ಯರು ಗುಜರಿಯ ಮರುಬಳಕೆಯಲ್ಲಿ ನಮಗಿಂತ ಬಹಳ ಮುಂದಿದ್ದರು. ಕಾರ್ಖಾನೆಯ ಈ ಕಿಟ್ಟವನ್ನು ಮಾತ್ರ ಯಾರೂ ಕುಟ್ಟಿ ನುಂಗುವ ಸಾಹಸ ಮಾಡಬಾರದು. ಅಂದು ಹೊಯ್ದುದು ಪಂಪಿನ ಮೈಗಳನ್ನು. ಮಣ್ಣಿನ ಅಚ್ಚು ಒಡೆದು, ತಣಿಸಿ, ತಿಕ್ಕಿ, ಅವನ್ನು ಲಾರಿಗೆ ತುಂಬಿ ಮತ್ತೆ ಬೆಂಗಳೂರಿಗೆ ಕಳಿಸುತ್ತಾರೆ. ಬರುವಾಗ ಎರಕ ತಂದ ಲಾರಿ ಹೋಗುವಾಗ ಬೋರಿಂಗನ್ನು ಒಯ್ಯುತ್ತದೆ.

ಕೆಲವು ವಾರಗಳ ಮೇಲೆ ಪೀಣ್ಯದಲ್ಲಿ ಬಂಧುಗಳ ಅಂಗಡಿಗೆ ಹೋದಾಗ ಅಂಥದೇ ಒಂದು ಪಂಪಿನ ಮೈ ಯಂತ್ರಕ್ಕೆ ಏರಿ ಕೊರೆಸಿಕೊಳ್ಳುತ್ತಿತ್ತು. ಚನ್ನರಾಯಪಟ್ಟಣದ ಕಡೆಯ ಹುಡುಗ ಕೆಲಸ ಮುಗಿಸಿ, ಯಂತ್ರದ ತಳದಿಂದ ಕರಿಯ ಪುಡಿಯನ್ನು ಸಲಿಕೆಯಲ್ಲಿ ಎಳೆದು ಕರಿಯ ಡ್ರಮ್ಮಿಗೆ ಸುರಿದನು. ಸುರಿದವನು ಬಗ್ಗಿ ಒಳಗೆ ನೋಡಿ, ಗೊಣಗಿಕೊಂಡು, ಗೋಡೆಗೆ ಒರಗಿಸಿದ್ದ ಕೊಕ್ಕೆಯನ್ನು ತಂದು, ಯಾರೋ ಎಸೆದಿದ್ದ ಚಹಾದ ಕಾಗದದ ಲೋಟವೊಂದನ್ನು ಎತ್ತಿ ಹೊರಕ್ಕೆ ಹಾಕಿದನು.